ದಾರಿ ಕೇಳುವವರಿಲ್ಲದ ಮೂಲೆಮನೆ

ನಮ್ಮೂರು ಉದ್ಧಾರವಾಗತೊಡಗಿದ ಮೇಲೆ ನನಗೆ ವಾರಕ್ಕೊಂದು ಫಜೀತಿ ತಪ್ಪಿದ್ದಲ್ಲ. ತಿಪಟೂರು ಕಡೆಯ ಈ ದೇವಸ್ಥಾನದ ಊರಲ್ಲಿ ನನ್ನದು ಮೂಲೆಮನೆ. ಬಂದ ಭಕ್ತರೆಲ್ಲ ಜಗಲಿ ಮುಂದೆ ನಿಂತು ದಾರಿ ಕೇಳುತ್ತಿದ್ದರು. ನಾನು ದಾರಿ ಹೇಳುತ್ತಿದ್ದೆ, ನನ್ನಾಕೆ ನೀರು ಕೊಡುತ್ತಿದ್ದಳು. ಎರಡು ವರ್ಷದ ಹಿಂದೆ ಅವಳು ತೀರಿಕೊಂಡಳು. ಆಮೇಲೆ ನನ್ನ ಜೊತೆ ಮಾತಾಡುತ್ತಿದ್ದವರು ಈ ದಾರಿ ಗೊತ್ತಿಲ್ಲದವರು ಮಾತ್ರ.

ಬಾಣ

ಯಾತ್ರಿಕರ ಅನುಕೂಲಕ್ಕೆ ಅಂತ ತಿರುವಿಗೊಂದು ಹಸಿರು ಬೋರ್ಡು ಬಂತು. ನಮ್ಮ ಮನೆ ಮುಂದೆ ಕಂಬ ನೆಟ್ಟವನು ಕೇಳಿದ, "ಯಜಮಾನ್ರೇ, ದೇವಸ್ಥಾನ ಯಾವ್ ಕಡೆಗೆ? ಬಾಣ ಬರೀಬೇಕು."

"ಎಡಕ್ಕೆ ಕಣಪ್ಪ. ಕಾಯಿ ಸುಲಿಯೋ ಜಾಗ ಬತ್ತದೆ, ಸಿಪ್ಪೆ ಗುಡ್ಡೆ ದಾಟು, ಆಮೇಲೆ..."

"ಎಡಕ್ಕೆ ಅಂದ್ರೆ ಸಾಕು ಬುಡಿ."

ನನ್ನನ್ನು ದಾರಿ ಕೇಳಿದವರಲ್ಲಿ ಅವನೇ ಕೊನೆಯವನು.

ಕಾರು

ಒಂದು ದಿನ ಕಾರೊಂದು ನಿಂತು ಗಾಜು ಇಳಿಯಿತು. ಚಪ್ಪಲಿಯನ್ನೂ ಮೆಟ್ಟದೆ ಓಡಿದೆ. "ಎಲ್ಲಿಗೆ ಹೋಗ್ಬೇಕು ಸ್ವಾಮಿ?"

ಡ್ರೈವರ್ ತುಟಿಗೆ ಬೆರಳಿಟ್ಟ. "ಒಸಿ ಸುಮ್ಕಿರಿ ತಾತ, ಫೋನಲ್ಲಿ ಆಯಮ್ಮ ದಾರಿ ಹೇಳ್ತಾವ್ಳೆ."

ಆಯಮ್ಮ ಸರಿಯಾಗೇ ಹೇಳಿದಳು. ನಮ್ಮೂರಿಗೆ ಒಂದು ದಿನವೂ ಬಂದವಳಲ್ಲ!

ಪಂಚೆ

ಹೋದ ತಿಂಗಳು ಇನ್ನು ತಡೆಯಲಾಗಲಿಲ್ಲ. ಪಂಚೆ ಒಗೆದು ಬೋರ್ಡಿನ ಮೇಲೇ ಒಣಹಾಕಿ, ಜಗಲಿಯಲ್ಲಿ ಕಾದು ಕೂತೆ. ಹೊತ್ತು ನೆತ್ತಿಗೇರಿದರೂ ಒಬ್ಬ ಭಕ್ತನ ಸುಳಿವಿಲ್ಲ. ದೇವರೇ ಊರು ಬಿಟ್ಟನೇನೋ ಅಂತ ಬಸ್‌ಸ್ಟ್ಯಾಂಡ್ ಕಡೆ ನಡೆದೆ.

ನಮ್ಮ ಮನೆಗಿಂತ ಮುಂಚಿನ ತಿರುವಿನಲ್ಲಿ ಜನವೋ ಜನ. ಅಲ್ಲಿನ ಬೋರ್ಡಿನ ಮೇಲೆ ಒಂದು ಸೀರೆ ಒಣಗುತ್ತಿತ್ತು. ಅದರ ಕೆಳಗೆ ಆ ಮನೆಯ ಒಂಟಿ ಮುದುಕಿ ನಿಂತು, ಎಲ್ಲರಿಗೂ ನೀರು ಕೊಟ್ಟು, ತೆಂಗಿನತೋಟದ ಒಳದಾರಿ ತೋರಿಸಿ ಕಳಿಸುತ್ತಿದ್ದಳು. ನನ್ನ ಗಿರಾಕಿಗಳನ್ನೆಲ್ಲ!

ಜಗಳಕ್ಕೇ ಅಂತ ಹೋದೆ. ಜನ ಚದುರಿದ ಮೇಲೆ ಆಕೆ ನನ್ನ ಕಡೆ ನೋಡಿ, "ನಿಮ್ಗೇನಾಗ್ಬೇಕಿತ್ತು?" ಅಂದಳು. ಹಾಗೆ ನನ್ನನ್ನು ಯಾರಾದರೂ ಕೇಳಿ ಎಷ್ಟು ದಿನವಾಗಿತ್ತೋ. ಸಿಟ್ಟೆಲ್ಲ ಇಳಿದು, "ದೇವಸ್ಥಾನಕ್ಕೆ ಹೆಂಗ್ ಹೋಗ್ಬೇಕಮ್ಮಾ?" ಅಂದುಬಿಟ್ಟೆ.

ನೀರು ಕೊಟ್ಟಳು. ಅರ್ಧ ಗಂಟೆ ದಾರಿ ಹೇಳಿದಳು. ಹುಟ್ಟಿದ್ದೇ ಈ ಊರಲ್ಲಾದರೂ ನಾನು "ಆಮೇಲೆ? ಆಮೇಲೆ?" ಅಂತ ಕೇಳುತ್ತಲೇ ಇದ್ದೆ.

"ಗೊತ್ತಾಯ್ತಾ?" ಅಂದಳು.

"ಇಲ್ಲ ಕಣಮ್ಮ."

"ಒಂದೇ ಸಲಕ್ಕೆ ಎಲ್ಲಿ ಗೊತ್ತಾಗುತ್ತೆ? ನಾಳೆನೂ ಬನ್ನಿ, ಮೂಲೆಮನೆ ಯಜಮಾನ್ರೇ."