ಗವಿಪುರದಿಂದ ಗವಿಪುರಕ್ಕೆ

ನಾನು ಯಾವುದನ್ನೂ ಸುಲಭವಾಗಿ ನಂಬುವವನಲ್ಲ. ಮದರಾಸಿಗೆ ಹೋಗಿ ಬಿ.ಎ. ಓದಿದ ಮೇಲೆ ಮೊದಲು ಪಂಚಾಂಗವನ್ನು ನಂಬುವುದು ಬಿಟ್ಟೆ, ಆಮೇಲೆ ಶಕುನವನ್ನು, ಕೊನೆಗೆ ನನ್ನ ನೆನಪನ್ನೇ. ಮೊದಲೆರಡರಿಂದ ನನ್ನ ಸೋದರತ್ತೆಗೆ ದುಃಖವಾಯಿತು; ಮೂರನೆಯದರಿಂದ ನನಗೇ ಪೆಟ್ಟು ಬಿತ್ತು.

ಆಗ ನಾನು ಚಾಮರಾಜಪೇಟೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಹಂಗಾಮಿ ಮೇಷ್ಟರು. ಅಂದು ಇನ್‌ಸ್ಪೆಕ್ಟರು ಬಂದು ನನ್ನ ಪಾಠ ಕೇಳಿ, ಕೆಲಸ ಖಾಯಂ ಮಾಡಬಹುದೋ ಇಲ್ಲವೋ ಎಂದು ಬರೆಯುವವರಿದ್ದರು. ಪಾಠ ಹತ್ತೂವರೆಗೆ, ವಿಷಯ ಸ್ಪೀಡು ಮತ್ತು ವೆಲಾಸಿಟಿ. ರುಮಾಲು ಸುತ್ತಿ, ಗವಿಪುರದ ಮನೆಯಿಂದ ಹತ್ತಕ್ಕೇ ಬೈಸಿಕಲ್ ಹತ್ತಿದೆ. ಅರ್ಧ ದಾರಿಯಲ್ಲಿ ಸಂಶಯ ಬಂತು: ಹೊರಡುವಾಗ ಅತ್ತೆಗೆ ನಮಸ್ಕಾರ ಮಾಡಿದೆನೇ? ನಮಸ್ಕಾರದಿಂದ ಕೆಲಸ ಸಿಗುತ್ತದೆಂದು ನಾನು ನಂಬುವುದಿಲ್ಲ. ಆದರೆ ತಾಯಿಯಿಲ್ಲದ ನನ್ನನ್ನು ಸಾಕಿದವರು ಅವರು. ಮರೆತಿದ್ದರೆ ದಿನವಿಡೀ ಕೊರಗುತ್ತಾರೆ. ಬೈಸಿಕಲ್ ತಿರುಗಿಸಿದೆ.

“ಮಾಡಿದ್ಯಲ್ಲೋ! ತಲೆ ಮೇಲೆ ಕೈಯಿಟ್ಟು ಹರಸಲಿಲ್ವೇ ನಾನು?” ಎಂದರು ಅತ್ತೆ. “ಹೊರಟೋನು ವಾಪಸ್ ಬಂದ್ಯಲ್ಲ, ಹಾಗೇ ಹೋಗ್ಬಾರದು. ಕೂತ್ಕೊಂಡು ನೀರು ಕುಡಿದು ಹೊಸದಾಗಿ ಹೊರಡು.”

ಕುಡಿದೆ, ಹೊರಟೆ. ಮತ್ತೆ ಅರ್ಧ ದಾರಿ, ಮತ್ತೆ ಸಂಶಯ. ಇದು ಹೊಸ ಪ್ರಯಾಣವಾದರೆ, ಇದಕ್ಕೆ ನಮಸ್ಕಾರ ಮಾಡಿದೆನೇ? ತರ್ಕಶಾಸ್ತ್ರ ಓದಿದವನಿಗೆ ಇಂಥವೇ ಹೊಳೆಯುತ್ತವೆ. ಹಿಂದಕ್ಕೆ ಬಂದೆ. ಎದುರುಮನೆಯ ಜಗಲಿಯಲ್ಲಿ ಕೂತಿದ್ದ ನಿವೃತ್ತ ಶಿರಸ್ತೇದಾರರು, “ಏನ್ ಮೇಷ್ಟ್ರೇ, ಭಾರಿ ಸ್ಪೀಡು! ಸ್ಕೂಲೇ ಇಲ್ಲಿಗೆ ಬಂತೋ?” ಎಂದರು. ಅತ್ತೆ ನೀರಿನ ಚೊಂಬು ಹಿಡಿದು ಬಾಗಿಲಲ್ಲೇ ನಿಂತಿದ್ದರು. “ಈ ಸಲ ಮಾಡಿರ್ಲಿಲ್ಲ ಕಣೋ. ಬಂದೇ ಬರ್ತೀಯ ಅಂತ ಕಾಯ್ತಿದ್ದೆ.”

ಸ್ಕೂಲು ಸೇರಿದಾಗ ಹನ್ನೊಂದು. ಇನ್‌ಸ್ಪೆಕ್ಟರು ಹಿಂದಿನ ಬೆಂಚಿನಲ್ಲಿ ಕೂತು ಗಡಿಯಾರ ನೋಡುತ್ತಿದ್ದರು. ಸಿದ್ಧಮಾಡಿಕೊಂಡಿದ್ದ ಪಾಠದ ಒಂದಕ್ಷರವೂ ನೆನಪಿಲ್ಲ. ಬೇರೆ ಗತಿಯಿಲ್ಲದೆ ನಡೆದದ್ದನ್ನೇ ಹೇಳಿಬಿಟ್ಟೆ: “ಮಕ್ಕಳೇ, ನಾನು ಮನೆಯಿಂದ ಹೊರಟು, ಏದುಸಿರು ಬರುವಂತೆ ತುಳಿದು, ಮನೆಗೇ ಬಂದೆ. ಎಷ್ಟು ಜೋರು ಎನ್ನುವುದು ಸ್ಪೀಡು, ಅದು ಬೇಕಾದಷ್ಟಿತ್ತು. ಯಾವ ದಿಕ್ಕಿಗೆ ಎಷ್ಟು ಜೋರು ಎನ್ನುವುದು ವೆಲಾಸಿಟಿ. ಹೋದಷ್ಟೇ ಹಿಂದಕ್ಕೂ ಬಂದದ್ದರಿಂದ, ಒಟ್ಟಾರೆ ನನ್ನ ವೆಲಾಸಿಟಿ ಸೊನ್ನೆ.”

ಹುಡುಗರು ಬೆಂಚು ಕುಟ್ಟಿ ನಕ್ಕರು. ಇನ್‌ಸ್ಪೆಕ್ಟರೂ ಕಣ್ಣೊರೆಸಿಕೊಂಡು ನಕ್ಕು, “ಭೇಷ್! ನನಗೇ ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ ಕಣ್ರೀ” ಎಂದು ಬೆನ್ನು ತಟ್ಟಿದರು. ನಾನು ಮನೆಗೆ ಹೋಗಿ ಅತ್ತೆಗೆ ಕೆಲಸ ಖಾಯಂ ಆದ ಹಾಗೆಯೇ ಎಂದೆ. ಅವರು ಪಾಯಸ ಮಾಡಿದರು.

ವಾರದ ಮೇಲೆ ವರದಿ ಬಂತು: “ಮೇಷ್ಟರ ಸ್ಪೀಡು ತೃಪ್ತಿಕರವಾಗಿದೆ. ದಿಕ್ಕನ್ನು ಇನ್ನೊಂದು ವರ್ಷ ನೋಡಬಹುದು. ಅಲ್ಲಿಯವರೆಗೆ ಹಂಗಾಮಿ.”

ಅಷ್ಟು ಚೆನ್ನಾಗಿ ಪಾಠ ಮಾಡಬಾರದಿತ್ತು.