ಹೊತ್ತಾದರೆ ಹೊರಡತಕ್ಕದ್ದು

ಆ ಕಂಪ್ಯೂಟರನ್ನು ಎತ್ತಿ ಕಿಟಕಿಯಿಂದಾಚೆ ಎಸೆಯಬೇಕೆಂದು ಗಡಿಯಾರಪ್ಪನಿಗೆ ಅನ್ನಿಸಿದ್ದು ಅದೇ ಮೊದಲಲ್ಲ. ಎಸೆಯದೆ ಬಿಟ್ಟದ್ದಕ್ಕೆ ಅವನ ಸಹನೆಯೇನೂ ಕಾರಣವಲ್ಲ. (ಸಹನೆಗೂ ಅವನಿಗೂ ಎಣ್ಣೆ ಸೀಗೆಕಾಯಿ ಸಂಬಂಧ.) ಕಿಟಕಿಗೆ ಕಬ್ಬಿಣದ ಸರಳುಗಳಿದ್ದವು, ಅಷ್ಟೇ.

ಗಡಿಯಾರಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಬಸ್ ಡಿಪೋದ ಡ್ರೈವರುಗಳು ಕೊಟ್ಟ ಬಿರುದು. ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವುದು ಅವನ ಕೆಲಸ. ಅವನು ಸೀಟಿ ಊದಿದನೆಂದರೆ ಮುಗಿಯಿತು, ಬ್ರಹ್ಮ ಬಂದರೂ ಬಸ್ಸು ನಿಲ್ಲದು. ಒಮ್ಮೆ ಕೈಹಿಡಿದ ಹೆಂಡತಿಯೇ ಎರಡು ಚೀಲ ಹೊತ್ತು ಏದುಸಿರು ಬಿಡುತ್ತ ಓಡಿ ಬರುತ್ತಿದ್ದಾಗ, ಅವಳ ಮುಖ ನೋಡುತ್ತಲೇ ಸೀಟಿ ಊದಿದ ಪುಣ್ಯಾತ್ಮ ಅವನು. ಆ ಬಸ್ಸು ಹೋಗಿ ವರ್ಷಗಳೇ ಆದವು, ಅದರ ಹೊಗೆ ಮಾತ್ರ ಮನೆಯಲ್ಲಿ ಇನ್ನೂ ಆರಿಲ್ಲ. ಡಿಪೋದ ಗೋಡೆಯ ಮೇಲೆ ಅವನೇ ಬರೆಸಿ ಹಾಕಿದ ಫಲಕವಿದೆ: ‘ಯಾರಿಗಾಗಿಯೂ ಕಾಯತಕ್ಕದ್ದಲ್ಲ. ಹೊತ್ತಾದರೆ ಹೊರಡತಕ್ಕದ್ದು.’

ಇಂಥವನ ಮನೆಯ ಕಂಪ್ಯೂಟರು ಬೆಳಿಗ್ಗೆ ಏಳಲು ಒಲ್ಲೆನೆನ್ನುತ್ತಿತ್ತು. ಗುಂಡಿ ಒತ್ತಿ, ಹಲ್ಲುಜ್ಜಿ, ಮುಖ ತೊಳೆದು ಬಂದರೂ ಎದ್ದಿರುತ್ತಿರಲಿಲ್ಲ. ಸಂಜೆ ಮಲಗು ಎಂದರೆ ಮಲಗುತ್ತಲೂ ಇರಲಿಲ್ಲ. ನೆಂಟರ ಮನೆಯಿಂದ ಹೊರಟು ‘ಬರ್ತೀವಿ’ ಎಂದು ಹೇಳಿದ ಮೇಲೂ ಬಾಗಿಲಲ್ಲಿ ನಿಂತು ಒಂದು ಗಳಿಗೆ ಮಾತಾಡುತ್ತಾರಲ್ಲ, ಹಾಗೆ ಪರದೆ ಬೆಳಗಿಸಿಕೊಂಡು ಸುಮ್ಮನೆ ನಿಂತೇ ಇರುತ್ತಿತ್ತು.

ತೊಂದರೆ ಬರೀ ಇಷ್ಟೇ ಆಗಿದ್ದರೆ ಬಯ್ದುಕೊಂಡಾದರೂ ಕಾಲ ಹಾಕಬಹುದಿತ್ತು. ಅವನ ಹೆಂಡತಿ ಆ ಕಂಪ್ಯೂಟರಿನ ಮುಂದೆ ಕೂತು ಬೆಳಿಗ್ಗೆ ಮಕ್ಕಳಿಗೆ ಲೆಕ್ಕದ ಪಾಠ ಹೇಳುತ್ತಿದ್ದಳು. ಕ್ಲಾಸು ಏಳಕ್ಕೆ. ಪಾತ್ರೆ ತೊಳೆದು, ತಿಂಡಿ ಮಾಡಿಟ್ಟು ಅವಳು ಯಂತ್ರದ ಗುಂಡಿ ಒತ್ತುವಾಗ ಒಂದು ನಿಮಿಷವಷ್ಟೇ ಉಳಿದಿರುತ್ತಿತ್ತು. ಮೊದಲ ಸಲ ತಡವಾದಾಗ ಮುಖ್ಯೋಪಾಧ್ಯಾಯಿನಿ ನಕ್ಕು ಸುಮ್ಮನಾದರು. ಮುಂದಿನ ಸಲ ನಗಲಿಲ್ಲ. ಶನಿವಾರ ಫೋನು ಮಾಡಿ, ‘ಸೋಮವಾರವೂ ತಡವಾದರೆ ಆ ಕ್ಲಾಸನ್ನು ಬೇರೆಯವರಿಗೆ ಕೊಡ್ತೀನಿ’ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟರು. ಆ ಮಕ್ಕಳನ್ನು ಭಿನ್ನರಾಶಿಯ ಕಾಡು ದಾಟಿಸಿ ಬೀಜಗಣಿತದ ಬಾಗಿಲಿಗೆ ತಂದು ನಿಲ್ಲಿಸಿದವಳು ಅವಳು. ಫೋನು ಕೆಳಗಿಟ್ಟಾಗ ಅವಳ ಕಣ್ಣಲ್ಲಿ ನೀರಿತ್ತು. ಒಂದು ನಿಮಿಷದಲ್ಲಿ ಆ ನೀರು ಆರಿ, ಆ ಜಾಗದಲ್ಲಿ ಬೆಂಕಿ ಕಾಣಿಸಿತು.

“ಭಾನುವಾರ ಸಂಜೆಯೊಳಗೆ ಇದು ಸರಿ ಆಗ್ಬೇಕು. ಇಲ್ಲಾಂದ್ರೆ ನನ್ನ ತಮ್ಮನ್ನ ಕರೆಸಿ ನಿಮ್ಮ ಲಿನಕ್ಸನ್ನ ಬುಡಸಮೇತ ಕೀಳಿಸ್ತೀನಿ, ತಿಳ್ಕೊಳಿ.”

ಇದು ಎದೆಗೇ ಹಾಕಿದ ಗುದ್ದು. ಅವಳ ತಮ್ಮನದು ಕಂಪ್ಯೂಟರ್ ಅಂಗಡಿ. ಅವನು ಹಾಕಿಕೊಟ್ಟಿದ್ದ, ದುಡ್ಡು ಕೊಟ್ಟು ಕೊಳ್ಳುವ ವ್ಯವಸ್ಥೆಯನ್ನು ಗಡಿಯಾರಪ್ಪ ವರ್ಷದ ಹಿಂದೆ ಅಳಿಸಿ, ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯನ್ನು ಪ್ರತಿಷ್ಠಾಪಿಸಿದ್ದ. ಅಂದು ನಡುಮನೆಯಲ್ಲಿ ನಿಂತು ಅವನು ಮಾಡಿದ ಭಾಷಣವೇನು! ‘ಇದು ಯಾರಪ್ಪನ ಸ್ವತ್ತೂ ಅಲ್ಲ, ನಮ್ಮದು! ಒಳಗಿನ ಒಂದೊಂದು ತಿರುಪನ್ನೂ ನಾವೇ ಬಿಗಿಮಾಡಬಹುದು!’ (ಬಿಗಿಮಾಡಿದ. ಆ ಕಥೆ ಮುಂದೆ ಬರುತ್ತದೆ.) ಈಗ ಅದೇ ಭಾವಮೈದುನ ಬಂದು, ‘ಏನ್ ಭಾವ, ಸ್ವಾತಂತ್ರ್ಯ ಸಾಕಾಯ್ತಾ?’ ಎಂದು ಹಲ್ಲು ಕಿರಿದರೆ ಬದುಕಿದ್ದೂ ಸತ್ತ ಹಾಗೆ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿದವನೇ ಗಡಿಯಾರಪ್ಪ ಅಂಗಿಯ ತೋಳು ಮಡಚಿದ. ಡಿಪೋದಲ್ಲಿ ಬಸ್ಸು ತಡವಾದರೆ ಅವನು ಮೊದಲು ಕೇಳುವ ಪ್ರಶ್ನೆ ‘ಏನಾಯಿತು’ ಎಂದಲ್ಲ, ‘ಯಾರು’ ಎಂದು. ಮನೆಯಲ್ಲೂ ಅದೇ ಪದ್ಧತಿ.

ಮೊದಲ ಆರೋಪಿ ಹೆಂಡತಿ.

“ನೋಡೇ ಇಲ್ಲಿ! ಪರದೆ ತುಂಬಾ ಏನಿದು? ತ್ರಿಕೋನ, ಚತುಷ್ಕೋನ, ಮಕ್ಕಳ ಉತ್ತರಪತ್ರಿಕೆ... ಇಷ್ಟು ಹೊತ್ಕೊಂಡು ಯಾವ ಪ್ರಾಣಿ ತಾನೇ ಬೇಗ ಏಳುತ್ತೆ?”

“ನಿಮ್ಮ ಬೀರು ತುಂಬಾ ಹಳೇ ವೇಳಾಪಟ್ಟಿ ಇವೆಯಲ್ಲ, ಅದಕ್ಕೇ ನೀವು ಲೇಟಾಗಿ ಏಳ್ತೀರಾ?”

ಬಾಯಿಗೆ ಬಾಯಿ ಕೊಟ್ಟರೂ ಪಾಪ, ಕ್ಲಾಸು ಉಳಿದರೆ ಸಾಕೆಂದು ಎಲ್ಲವನ್ನೂ ತೆಗೆದು ಬೇರೆ ಕಡೆ ಇಟ್ಟಳು. ಗಡಿಯಾರಪ್ಪ ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದ. ಅದು ಏಳುವಷ್ಟರಲ್ಲಿ ಅವಳು ಒಂದು ಮೊರ ಅಕ್ಕಿ ಆರಿಸಿದಳು.

ಎರಡನೆಯ ಆರೋಪಿ ಅವನ ತಾಯಿ. ಆಕೆಯ ಮೊಬೈಲು ಚಾರ್ಜಾಗುತ್ತಿದ್ದುದು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಿದ ವೈರಿನಿಂದ.

“ಅಮ್ಮಾ, ನೀನು ಇದರ ರಕ್ತ ಹೀರ್ತಾ ಇದ್ದೀಯ!” ಎಂದು ವೈರನ್ನು ಕಿತ್ತೇಬಿಟ್ಟ. ಫೋನಿನ ಆಚೆ ಬದಿಯಲ್ಲಿ ಆಕೆಯ ತಂಗಿ ಹೇಳುತ್ತಿದ್ದ ಸೊಸೆಯ ವಿಚಾರ ಅತ್ಯಂತ ಸ್ವಾರಸ್ಯದ ಘಟ್ಟಕ್ಕೆ ಬಂದಿತ್ತು. ಚಾರ್ಜೇ ಇರದ ಮೊಬೈಲು ಕಣ್ಣು ಮುಚ್ಚಿತು.

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ನಂತೆ. ನೀನು ಹುಟ್ಟೋಕೂ ಹೀಗೇ ತಡ ಮಾಡಿದೆ ಕಣೋ, ಆಗ ಯಾರ ಮೊಬೈಲು ಕಿತ್ತಿದ್ವಿ?” ಎಂದು ಮುದುಕಿ ಸಿಡಿದಳು.

ಯಂತ್ರ ಇದಕ್ಕೂ ಜಗ್ಗಲಿಲ್ಲ. ಮೂರನೆಯ ಆರೋಪಿ, ಭಾವಮೈದುನ ಉಡುಗೊರೆಯಾಗಿ ಕೊಟ್ಟ ಪ್ರಿಂಟರು. ‘ಶತ್ರು ಕೊಟ್ಟ ಉಡುಗೊರೆ’ ಎಂದು ಹಲ್ಲು ಕಡಿಯುತ್ತ ಅದನ್ನು ಅಟ್ಟಕ್ಕೆ ಗಡೀಪಾರು ಮಾಡಿದ. ತಲೆಗೆ ಜೇಡರ ಬಲೆ ಅಂಟಿದ್ದೇ ಲಾಭ.

ಈಗ ಗಡಿಯಾರಪ್ಪನಿಗೆ ಬ್ರಹ್ಮಾಸ್ತ್ರದ ನೆನಪಾಯಿತು. ಲಿನಕ್ಸಿನಲ್ಲಿ ‘ಬ್ಲೇಮ್’, ಎಂದರೆ ‘ತಪ್ಪು ಹೊರಿಸು’, ಎಂಬ ಆಜ್ಞೆಯೊಂದಿದೆ. ಅದನ್ನು ಕೊಟ್ಟರೆ ಏಳುವಾಗ ಯಾವ ಯಾವ ಕೆಲಸ ಎಷ್ಟೆಷ್ಟು ಹೊತ್ತು ತಿಂದಿತೆಂದು ಯಂತ್ರವೇ ದೂರು ಒಪ್ಪಿಸುತ್ತದೆ. (‘ಅಂಥ ಆಜ್ಞೆ ನಮ್ಮನೇಲಿ ಹೊಸದಾಗಿ ಬೇರೆ ಕೊಡ್ಬೇಕಾ?’ ಎಂದಳು ಹೆಂಡತಿ.) ಕೋಪದ ಭರದಲ್ಲಿ ಗಡಿಯಾರಪ್ಪ ಎಡಗೈ ಸೊಂಟಕ್ಕಿಟ್ಟು, ಬಲಗೈಯ ಬೆರಳನ್ನು ಸೂರಿನತ್ತ ಎತ್ತಿದ.

“ಇಬ್ರೂ ಕೇಳ್ಕೊಳಿ! ಈ ತಡಕ್ಕೆ ಯಾರು ಕಾರಣ ಅಂತ ಇವತ್ತು ಬಯಲಾಗುತ್ತೆ. ಯಾರೇ ಆಗಿರ್ಲಿ, ನಾಳೆಯಿಂದ ಬೆಳಿಗ್ಗೆ ಪಾತ್ರೆ ತೊಳೆಯೋದು ಅವರದೇ ಕೆಲಸ! ನನ್ನ ಮಾತೆಂದರೆ ಮಾತು!”

“ಯಾರೇ ಆಗಿರ್ಲಿ?” ಎಂದಳು ಹೆಂಡತಿ.

“ಯಾರೇ ಆಗಿರ್ಲಿ!”

“ಅತ್ತೇ, ನೀವೂ ಕೇಳಿಸ್ಕೊಂಡ್ರಲ್ಲ?”

“ಕಿವಿ ಮಂದ ಕಣಮ್ಮ. ಆದ್ರೆ ಇಂಥದ್ದೆಲ್ಲ ಚೆನ್ನಾಗಿ ಕೇಳುತ್ತೆ.”

ಬ್ಲೇಮ್ ಪಟ್ಟಿ ಸರಸರನೆ ಬಂತು. ಇವನು ಎರಡು ಸೆಕೆಂಡು, ಅವನು ಒಂದು, ಮತ್ತೊಬ್ಬ ಅರ್ಧ. ಎಲ್ಲರೂ ಸಾಧುಗಳೇ. ಎಲ್ಲ ಕೂಡಿದರೂ ಕಾಲು ನಿಮಿಷ ದಾಟದು. ಹಾಗಿದ್ದರೆ ಉಳಿದ ಹೊತ್ತನ್ನು ನುಂಗಿದ ಮಹಾನುಭಾವ ಯಾರು? ಗಡಿಯಾರಪ್ಪನ ಕಿವಿ ಕೆಂಪಾಯಿತು. ಅಂತರಜಾಲದಲ್ಲಿ ಇಂಥ ಪೇಚಿಗೆ ಪರಿಹಾರ ಹೇಳುವವರ ಕೂಟವೊಂದಿತ್ತು. ಅಲ್ಲಿಗೆ ಹೋಗಿ ತನ್ನ ಗೋಳನ್ನು ಬಯ್ಗುಳದ ಒಗ್ಗರಣೆ ಹಾಕಿ ಬರೆದ. ಯಾರೋ ಅಪರಿಚಿತ ಪುಣ್ಯವಂತ ಮಧ್ಯಾಹ್ನದೊಳಗೆ ಉತ್ತರ ಬರೆದ: ‘ಆ ಪಟ್ಟಿಯಲ್ಲಿ ಕೆಲಸಕ್ಕೆ ಬಂದವರ ಲೆಕ್ಕ ಮಾತ್ರ ಸಿಗುತ್ತದೆ. ಬಾರದೇ ಉಳಿದವನೊಬ್ಬನಿಗಾಗಿ ಯಂತ್ರ ಕಾಯುತ್ತಿದ್ದರೆ ಅವನ ಹೆಸರು ಅದರಲ್ಲಿ ಕಾಣಿಸದೆ ಇರಬಹುದು. ಯಂತ್ರ ಏಳುವಾಗ ಪರದೆಯ ಮೇಲೆ ಏನು ಬರೆಯುತ್ತದೆ, ಅದನ್ನು ಓದಿ.’

“ಏನೂ ಬರೆಯಲ್ಲ ಅದು, ಬರೀ ಚಿತ್ರ!” ಎಂದು ಗಡಿಯಾರಪ್ಪ ಗುಡುಗಿದ.

ಆ ಚಿತ್ರದ ವಿಷಯವನ್ನು ಇಲ್ಲಿ ಹೇಳಲೇಬೇಕು. ಯಂತ್ರ ಏಳುವಾಗ ಸಾಮಾನ್ಯವಾಗಿ ಸಾಲು ಸಾಲಾಗಿ ತನ್ನ ಸುಖದುಃಖ ಹೇಳಿಕೊಳ್ಳುತ್ತದೆ. ಆ ಕರಿಪರದೆ ಅಂದವಾಗಿಲ್ಲವೆಂದು ಗಡಿಯಾರಪ್ಪ ಅದರ ಮೇಲೆ ಒಂದು ಫೋಟೋ ಹೊದಿಸಿದ್ದ. ಡಿಪೋದಲ್ಲಿ ಸಮಯಪಾಲನೆಗಾಗಿ ಸನ್ಮಾನ ಮಾಡಿಸಿಕೊಂಡ ಅವನದೇ ಫೋಟೋ, ಕೊರಳಲ್ಲಿ ಹಾರ, ಬಾಯಲ್ಲಿ ಸೀಟಿ. ಹೆಂಡತಿ ದಿನಾ ಬೆಳಿಗ್ಗೆ ಕ್ಲಾಸಿಗೆ ತಡವಾಗುತ್ತಿದೆಯೆಂದು ಚಡಪಡಿಸುತ್ತ ಕೂರುತ್ತಿದ್ದುದು ಆ ಸಮಯಪಾಲಕನ ಮುಖವನ್ನು ನೋಡಿಕೊಂಡೇ.

“ನಿಮ್ಮ ಮುಖದ ಹಿಂದೆ ಇರ್ಬೇಕು,” ಎಂದಳು ಅವಳು. ಯಂತ್ರ ಮತ್ತೆ ಏಳುತ್ತಿದ್ದಂತೆ ಮುಂದೆ ಬಾಗಿ, ಮೂಲೆಯಲ್ಲಿದ್ದ ಎಸ್ಕೇಪ್ ಕೀಲಿಯನ್ನು ಒತ್ತಿದಳು. ಗಂಡ ಮಾಯವಾದ. (ಇಷ್ಟು ಸುಲಭವೆಂದು ಗೊತ್ತಿದ್ದರೆ ಎಂದೋ ಒತ್ತುತ್ತಿದ್ದೆ ಎಂದು ಅವಳು ಆಮೇಲೆ ತಮ್ಮನಿಗೆ ಹೇಳಿದಳಂತೆ.) ಕರಿಪರದೆಯ ಮೇಲೆ ಒಂದೇ ಸಾಲು ಮಿಣುಕುತ್ತಿತ್ತು. ಹೊರಗಿನಿಂದ ಜೋಡಿಸುವ ಒಂದು ಡಿಸ್ಕು ಬರಬೇಕು, ಅದಕ್ಕಾಗಿ ಕಾಯುತ್ತಿದ್ದೇನೆ, ಒಂದೂವರೆ ನಿಮಿಷದವರೆಗೆ ಕಾಯುತ್ತೇನೆ, ಎಂದು ಅದರ ಅರ್ಥ.

“ಯಾವ್ದು ಈ ಡಿಸ್ಕು?” ಎಂದಳು.

ಗಡಿಯಾರಪ್ಪ ತಲೆ ಕೆರೆದುಕೊಂಡ. “ಅದು... ಮನೆ ಫೋಟೋ, ಕಾಗದಪತ್ರ ಎಲ್ಲದರ ನಕಲು ಇರ್ಲಿ ಅಂತ ತಂದಿದ್ದೆ.”

“ಈಗೆಲ್ಲಿದೆ?”

“ಭದ್ರವಾಗಿದೆ.”

“ಎಲ್ಲಿ ಭದ್ರವಾಗಿದೆ?”

“ಮನೇಲಿ ಕಳ್ಳತನ ಆದ್ರೆ ಏನ್ ಗತಿ ಅಂತ... ಡಿಪೋದ ನನ್ನ ಮೇಜಿನ ಡ್ರಾಯರಲ್ಲಿಟ್ಟು ಬೀಗ ಹಾಕಿದ್ದೀನಿ.”

ಅವಳು ಕುರ್ಚಿ ಎಳೆದು ಕೂತು, ಯಂತ್ರ ಪೂರ್ತಿ ಎದ್ದ ಮೇಲೆ, ಏಳುವಾಗ ಯಾವ ಯಾವ ಡಿಸ್ಕನ್ನು ಜೋಡಿಸಿಕೊಳ್ಳಬೇಕೆಂದು ಬರೆದಿಡುವ ಕಡತವನ್ನು ಅವನಿಂದಲೇ ತೆಗೆಸಿದಳು. ಕೊನೆಯಲ್ಲಿ ಆ ಡಿಸ್ಕಿನ ಸಾಲಿತ್ತು. ಅದರ ತಲೆಯ ಮೇಲೆ, ಯಂತ್ರ ಓದದ, ಮನುಷ್ಯರು ಮಾತ್ರ ಓದುವ ಟಿಪ್ಪಣಿಯೊಂದು ಡಿಪೋದ ಸುತ್ತೋಲೆಯ ಗತ್ತಿನಲ್ಲಿ ರಾರಾಜಿಸುತ್ತಿತ್ತು. ಅವಳು ಅತ್ತೆಗೆ ಕೇಳಿಸುವಂತೆ ಗಟ್ಟಿಯಾಗಿ ಓದಿದಳು.

“‘ಈ ಡಿಸ್ಕು ಬಾರದೆ ಯಂತ್ರವು ಮುಂದಕ್ಕೆ ಹೊರಡತಕ್ಕದ್ದಲ್ಲ. ಆರುವ ಮುನ್ನ ಎಲ್ಲವನ್ನೂ ಇದಕ್ಕೆ ನಕಲು ಮಾಡತಕ್ಕದ್ದು. ಡಿಸ್ಕು ಕಾಣದಿದ್ದಲ್ಲಿ ಹುಡುಕತಕ್ಕದ್ದು. ಆಜ್ಞಾನುಸಾರ.’ ರೀ, ಯಾರ ಆಜ್ಞೆ ಇದು?”

ಗಡಿಯಾರಪ್ಪ ಫ್ಯಾನು ನೋಡಿದ.

“ಮಗೂನ ಕಂಕುಳಲ್ಲಿಟ್ಕೊಂಡು ಊರೆಲ್ಲ ಹುಡುಕಿದ್ನಂತೆ,” ಎಂದಳು ತಾಯಿ. “ನನ್ನ ಮೊಬೈಲಿನ ವೈರು ಕೊಡೋ ಮೊದ್ಲು.”

ಆದರೆ ಹೆಂಡತಿಗೆ ನಗು ಬರಲಿಲ್ಲ. “ನಾನು ಓಡಿ ಬರ್ತಿದ್ದಾಗ ನೀವು ಒಂದು ಕ್ಷಣ ಕಾಯಲಿಲ್ಲ. ಡಬ್ಬದಂಥ ಒಂದು ಡಿಸ್ಕಿಗೆ ದಿನಾ ಒಂದೂವರೆ ನಿಮಿಷ ಕಾಯಿಸಿದ್ರಿ. ಅದೂ ನನ್ನ ಕ್ಲಾಸಿನ ಹೊತ್ತಲ್ಲಿ. ನನಗೆ ಅಷ್ಟೂ ಬೆಲೆ ಇಲ್ವಾ?”

ಗಡಿಯಾರಪ್ಪ ತಲೆ ತಗ್ಗಿಸಿ, ಡಿಸ್ಕು ಬರದಿದ್ದರೆ ಬಿಟ್ಟು ಮುಂದೆ ನಡೆ ಎಂದು ಹೇಳುವ ಒಂದೇ ಒಂದು ಪದವನ್ನು ಆ ಸಾಲಿಗೆ ಸೇರಿಸಿದ. ಆರುವಾಗ ಹುಡುಕುತ್ತ ಕೂರುವ ನಕಲಿನ ಕೆಲಸವನ್ನೂ ರದ್ದು ಮಾಡಿದ. ತನ್ನ ಫೋಟೋವನ್ನು ಯಾರೂ ಹೇಳುವ ಮೊದಲೇ ಅಳಿಸಿದ. ಯಂತ್ರವನ್ನು ಆರಿಸಿದರೆ ತಟಕ್ಕನೆ ಆರಿತು. ಹಚ್ಚಿದರೆ, ಹೆಂಡತಿ ಮೊರಕ್ಕೆ ಕೈ ಹಾಕುವುದರೊಳಗೆ ಎದ್ದು ನಿಂತಿತು. ಅವಳು ಅಡುಗೆಮನೆಗೆ ಹೋಗಿ, ಪಾತ್ರೆ ತೊಳೆಯುವ ನಾರನ್ನು ತಂದು ಅವನ ಕೀಲಿಮಣೆಯ ಪಕ್ಕದಲ್ಲಿಟ್ಟಳು.

ಸೋಮವಾರ ಏಳಕ್ಕೆ ಇನ್ನೂ ಹೊತ್ತಿರುವಾಗಲೇ ಕ್ಲಾಸು ತೆರೆದಿತ್ತು. ಮುಖ್ಯೋಪಾಧ್ಯಾಯಿನಿ ಪರದೆಯಲ್ಲೇ ಇಣುಕಿ ನೋಡಿ, ಮೆಚ್ಚಿ ತಲೆಯಾಡಿಸಿ ಹೋದರು. ಹೆಂಡತಿ ಬಹಳ ದಿನಗಳ ಮೇಲೆ ಕಾಫಿಯನ್ನು ಬಿಸಿಯಿರುವಾಗಲೇ ಕುಡಿದಳು. ಅಡುಗೆಮನೆಯಲ್ಲಿ ಗಡಿಯಾರಪ್ಪ ಪಾತ್ರೆಗಳ ಜೊತೆ ಗುದ್ದಾಡುತ್ತಿದ್ದ. ಒಂದು ಬಾಣಲೆಯಂತೂ ತಳ ಹತ್ತಿಸಿಕೊಂಡು ಹಟ ಹಿಡಿದಿತ್ತು. ತಲೆ ಎತ್ತಿ ಗಡಿಯಾರ ನೋಡಿದರೆ ಬಸ್ಸಿನ ಹೊತ್ತಾಗಿಹೋಗಿತ್ತು. ಬಾಣಲೆಯನ್ನು ಅಲ್ಲೇ ಕುಕ್ಕಿ, ನೊರೆಗೈಯಲ್ಲೇ ಚೀಲ ಕಸಿದುಕೊಂಡು ಮೆಟ್ಟಿಲಿಳಿದು ಓಡಿದ.

ಮನೆಯೆದುರಿನ ನಿಲ್ದಾಣದಲ್ಲಿ ಅವನ ಡಿಪೋದ ಬಸ್ಸೇ ನಿಂತಿತ್ತು. “ಏಯ್, ನಿಲ್ಸೋ! ನಾನು ಕಣೋ!” ಎಂದು ಕೈ ಬೀಸಿದ. ಡ್ರೈವರು ಕನ್ನಡಿಯಲ್ಲಿ ನೋಡಿದ, ಗುರುತೂ ಹಿಡಿದ. ಕಿಟಕಿಯಿಂದ ತಲೆ ಹೊರಗೆ ಹಾಕಿ ಬಲು ವಿನಯದಿಂದ, “ಹೊತ್ತಾಯ್ತು ಸಾರ್!” ಎಂದು ಕೂಗಿ, ಗೇರು ಹಾಕಿ ಹೊರಟೇಬಿಟ್ಟ. ಹೊಗೆಯೆಲ್ಲ ಗಡಿಯಾರಪ್ಪನ ಮುಖಕ್ಕೆ ಬಡಿಯಿತು. ಮುಂದಿನ ಬಸ್ಸು ಯಾವಾಗೆಂದು ಅವನು ಯಾರನ್ನೂ ಕೇಳಬೇಕಾಗಿರಲಿಲ್ಲ. ನಡುವೆ ಇನ್ನೊಂದು ಬಸ್ಸಿತ್ತು, ಜನ ಸಾಲದೆಂದು ಹೋದ ತಿಂಗಳು ಅವನೇ ಅದನ್ನು ರದ್ದು ಮಾಡಿದ್ದ.

ಮೇಲಿನಿಂದ ತಾಯಿಯ ದನಿ ಬೀದಿಗೆಲ್ಲ ಕೇಳುವಂತೆ ಬಂತು. “ಏನೋ ಮಗಾ, ಯಾವ ಡಿಸ್ಕಿಗೆ ಕಾಯ್ತಾ ನಿಂತಿದ್ದೀಯೋ?”

ಅದರ ಬೆನ್ನಿಗೇ ಕಿಟಕಿಯೊಳಗಿಂದ ಒಂದು ಇಡೀ ತರಗತಿ ಒಟ್ಟಿಗೆ ನಕ್ಕ ಸದ್ದು. ಮೈಕು ತೆರೆದೇ ಇತ್ತು.

ಮಕ್ಕಳಿಗೆ ಒಂದು ಲೆಕ್ಕ ಕೊಟ್ಟು ಹೆಂಡತಿ ಕಿಟಕಿಗೆ ಬಂದಳು. ಕಬ್ಬಿಣದ ಸರಳುಗಳ ಹಿಂದೆ ಅವಳ ಮುಖ ಶಾಂತವಾಗಿತ್ತು.

“ರೀ, ಮುಂದಿನ ಬಸ್ಸಿಗೆ ಹೇಗೂ ಬೇಕಾದಷ್ಟು ಹೊತ್ತಿದೆಯಲ್ಲ. ಆ ಬಾಣಲೆ ಹಾಗೇ ಬಿಟ್ಟು ಹೋಗಿದ್ದೀರಿ.”

ಗಡಿಯಾರಪ್ಪ ರಸ್ತೆಯ ಆ ಕಡೆ ನೋಡಿದ, ಈ ಕಡೆ ನೋಡಿದ. ಆಮೇಲೆ ಚೀಲವನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದ.