ಸುಬಾನಸಾಬರು ಕಲಿಸಿದ ಅಡುಗೆ

ಅನ್ನಕ್ಕೆ ಒಂದು ಚಿಟಿಕೆ ಉಪ್ಪು ಸಾಕು ಅನ್ನುವ ಬದಲು ಸುಬಾನಸಾಬರು "ಒಂದು ಹಿಡಿ ಹಾಕಪ್ಪಾ" ಅಂದುಬಿಟ್ಟರು. ಬೇಕಂತಲೇ ಅಂದರು. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ಚನ್ನಗಿರಿಯಲ್ಲಿ ಪಾತ್ರೆಗೆ ಕಲಾಯಿ ಹಾಕುವುದು ಅವರ ಕಸುಬು. ಸ್ವಂತ ಮಕ್ಕಳಿಲ್ಲ. ಪ್ಲೇಗಿನಲ್ಲಿ ಅಪ್ಪ ಅಮ್ಮನನ್ನು ಕಳಕೊಂಡ ರಸೂಲನನ್ನು ಅಂಬೆಗಾಲಿನಿಂದ ಸಾಕಿದ್ದರು. ಈಗ ಅವನಿಗೆ ಮೀಸೆ ಬಂದಿತ್ತು, ನ್ಯಾಮತಿಯಲ್ಲಿ ಬಸ್ಸಿನ ಕೆಲಸ ಸಿಕ್ಕಿತ್ತು, ಬಾಡಿಗೆಗೆ ಒಂದು ಕೋಣೆಯೂ ಆಗಿತ್ತು. "ಒಂದಿನ ಜೊತೆಗಿದ್ದು, ಒಬ್ಬನೇ ಬದುಕೋದು ಹೆಂಗೆ ಅಂತ ಕಲಿಸಿ ಬರ್ರಿ" ಎಂದು ಹೆಂಡತಿ ರಹೀಮುನ್ನೀಸಾ ಕಳಿಸಿದ್ದಳು.

ಸಾಬರಿಗೆ ಕಲಿಸಲು ಮನಸ್ಸೇ ಇರಲಿಲ್ಲ. ಚೆನ್ನಾಗಿ ಕಲಿತರೆ ಹುಡುಗ ಇಲ್ಲೇ ನೆಲೆ ನಿಲ್ಲುತ್ತಾನೆ. ಹೊಟ್ಟೆ ಕೆಟ್ಟರೆ ಎರಡೇ ದಿನಕ್ಕೆ ಮನೆಗೆ ಓಡಿಬರುತ್ತಾನೆ. ಇದು ಅವರ ಲೆಕ್ಕ.

ರಸೂಲ್ ಅವರ ಮುಖವನ್ನೊಮ್ಮೆ ನೋಡಿದ. "ಹೂಂ ಚಾಚಾ" ಎಂದು ಹಿಡಿ ಉಪ್ಪು ಸುರಿದ.

"ಒಲೆಗೆ ಹಸಿ ಸೌದೆ ಇಡು. ನಿಧಾನಕ್ಕೆ ಉರಿತೈತೆ."

"ಹೂಂ ಚಾಚಾ."

ಕೋಣೆಯೆಲ್ಲ ಹೊಗೆ. ಪಕ್ಕದ ಮನೆಯ ಕೆಂಪಕ್ಕ "ಬೆಂಕಿ ಬಿತ್ರೋ!" ಎಂದು ಕೊಡ ಎತ್ತಿಕೊಂಡು ಓಡಿಬಂದು, ಅರ್ಧ ನೀರು ಒಲೆಗೆ, ಅರ್ಧ ಸಾಬರ ತಲೆಗೆ ಸುರಿದಳು. ಸಾಬರ ಗಡ್ಡ ನೆನೆದ ಹೋತದ ಗಡ್ಡದ ಹಾಗೆ ತೊಟ್ಟಿಕ್ಕತೊಡಗಿತು.

ಹಿಂದೆಯೇ ಮನೆ ಮಾಲೀಕ, ಬಳೆ ವ್ಯಾಪಾರದ ಮುರ್ತುಜಾಸಾಬ ಬಂದ. ಪಾತ್ರೆಯಿಂದ ಅರೆಬೆಂದ ಒಂದು ಅಗುಳು ಬಾಯಿಗಿಟ್ಟವನೇ ಹರಳೆಣ್ಣೆ ಕುಡಿದ ಮಗುವಿನಂತೆ ಮುಖ ಮಾಡಿದ.

"ಏನಪಾ ಇದು, ಅನ್ನಾನೋ ಉಪ್ಪಿನಕಾಯೋ?"

ಇದೇ ಸಮಯ ಅಂದುಕೊಂಡರು ಸುಬಾನಸಾಬರು. "ಇವನಿಗೆ ಏನೇನೂ ಬರಲ್ರೀ. ಒಬ್ಬನೇ ಇರಾಕೆ ಆಗಾಕಿಲ್ಲ. ಸಂಜೆ ಬಸ್ಸಿಗೆ ವಾಪಸ್ ಕರ್ಕೊಂಡು ಹೋಗ್ತೀನಿ."

"ಅಯ್ಯೋ, ಸಿಕ್ಕ ಕೆಲ್ಸ ಬಿಡಿಸ್ತೀರಾ?" ಕೆಂಪಕ್ಕ ಕೊಡ ಕೆಳಗಿಟ್ಟಳು. "ಮುರ್ತುಜಾಸಾಬ್ರೇ, ನಿಮ್ ಮಗಳು ದಿಲ್‌ಶಾದ್‌ಗೆ ಗಂಡು ಹುಡುಕಿ ಹುಡುಕಿ ಕೆರ ಸವೆಸಿದ್ರಲ್ಲ, ಕಣ್ಮುಂದೇ ಐತಲ್ರೀ ಗಂಡು! ಮನೆ ಅಳಿಯ ಮಾಡ್ಕೊಳ್ರಿ. ಹುಡುಗನ ಹೊಟ್ಟೇನೂ ತಣ್ಣಗಿರ್ತೈತೆ."

ಮುರ್ತುಜಾಸಾಬನ ಮುಖ ಅರಳಿತು.

"ಇಲ್ಲ ಇಲ್ಲ, ಅವನು ಅಡುಗೆ ಕಲಿತಾನ್ರೀ! ಬಲೇ ಚುರುಕು!" ಸುಬಾನಸಾಬರು ತೊದಲಿದರು.

"ಈಗ್ತಾನೆ ಏನೇನೂ ಬರಲ್ಲ ಅಂದ್ರಲ್ಲ?" ಕೆಂಪಕ್ಕ ಸೊಂಟದ ಮೇಲೆ ಕೈಯಿಟ್ಟಳು. "ಹುಡುಗನ್ನೇ ಕೇಳೋಣ. ಏನಂತೀಯಪ್ಪಾ?"

ರಸೂಲ್ ತಲೆ ತಗ್ಗಿಸಿದ. "ಚಾಚಾ ಹೇಳಿದಂಗೆ."

ಎಲ್ಲರ ಕಣ್ಣೂ ಸಾಬರ ಮೇಲೆ. ಬೇಡ ಅನ್ನಬೇಕಾದರೆ, ಬೇಕಂತಲೇ ತಪ್ಪು ಕಲಿಸಿದೆ ಅಂತ ಬಾಯಿ ಬಿಡಬೇಕು. ಅಪ್ಪನ ಜಾಗದಲ್ಲಿ ನಿಂತವರು ಹೆಂಗೆ ಹೇಳ್ತಾರೆ? ಅವರ ಗಂಟಲಿನಿಂದ "ಹೂಂ" ಹೊರಟಿತು. ಕೆಂಪಕ್ಕ ಮನೆಯಿಂದ ಬೆಲ್ಲ ತಂದು ಎಲ್ಲರ ಬಾಯಿಗೂ ಹಾಕಿದಳು. ಸಾಬರು ಅದನ್ನು ದವಡೆಗೆ ಒತ್ತಿಕೊಂಡು ಕೂತರು.

ಸಂಜೆ ಬಸ್ಸಿನ ಹತ್ತಿರ ರಸೂಲ್ ಅವರ ಕೈ ಹಿಡಿದುಕೊಂಡ.

"ಚಾಚಾ, ನಂಗೆ ಅಡುಗೆ ಚೆನ್ನಾಗಿ ಬರ್ತೈತೆ. ನೀವು ಹಳ್ಳಿಗಳ ಮ್ಯಾಲೆ ಹೋದಾಗ, ಚಾಚಿಗೆ ದಮ್ಮು ಬಂದ್ರೆ ನಾನೇ ಮಾಡ್ತಿದ್ದೆ."

"ಮತ್ತೆ ಹಿಡಿ ಉಪ್ಪು ಯಾಕೆ ಹಾಕ್ದೆ?"

"ಬೆಳಿಗ್ಗೆ ಬಸ್ಸಿಳಿದಾಗಿಂದ ನಂಗೆ ಇಲ್ಲಿ ಇರಾಕೆ ಮನಸಿರಲಿಲ್ಲ. ನಿಮ್ ಜೊತೆಗೇ ವಾಪಸ್ ಬಂದು ಕಲಾಯಿ ಕೆಲಸಾನೇ ಮಾಡ್ತೀನಿ ಅಂತ ಹೇಳಾಕಿದ್ದೆ. ಅಷ್ಟ್ರಾಗೆ ನೀವು ಹಿಡಿ ಉಪ್ಪು ಅಂದ್ರಿ. ಚಾಚಾ ಏನೋ ಹಿಕ್ಮತ್ತು ಮಾಡ್ತಿದಾರೆ ಅನ್ಕೊಂಡು ಹಾಕ್ದೆ. ಕೆಂಪಕ್ಕ ಅಳಿಯ ಅಂದಾಗ ತಿಳೀತು, ಅದೆಲ್ಲ ನನ್ನ ಇಲ್ಲೇ ಒಂದು ಮನೆಗೆ ಸೇರ್ಸಾಕೆ ಅಂತ. ನಿಮ್ ಮಾತು ನಾನು ಯಾವತ್ತು ಮೀರಿದೀನಿ?"

ಸಾಬರು ಬಾಯಿ ತೆರೆದರು. ಅಷ್ಟರಲ್ಲಿ "ಹತ್ರೀ, ಹತ್ರೀ!" ಎಂದು ಡ್ರೈವರು ಕೂಗಿದ.

ಯುದ್ಧದ ಕಾಲ; ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಹೊರಡುವ ಮುಂಚೆ ಬಸ್ಸಿನ ಹಿಂದಿರುವ ಒಲೆಗೆ ಗಾಳಿ ಹಾಕುವ ಚಕ್ರ ತಿರುವಿ ಕೆಂಡ ಮಾಡಬೇಕು. ರಸೂಲನಿಗೆ ಸಿಕ್ಕಿದ್ದು ಆ ಕೆಲಸವೇ. ಚಾಚಾ ಹೋಗುವ ಬಸ್ಸು ಅಂತ ಅವನು ತೋಳೇರಿಸಿ, ಇದ್ದ ಪ್ರೀತಿಯನ್ನೆಲ್ಲ ಹಾಕಿ ಗರಗರ ತಿರುವಿದ.

ದಿನಾ ತಾಸುಗಟ್ಟಲೆ ಸತಾಯಿಸುತ್ತಿದ್ದ ಬಸ್ಸು ಅವತ್ತು ಒಂದೇ ಸಲಕ್ಕೆ ಹೊರಟುಬಿಟ್ಟಿತು.